ಬಿಇ ಮುಗಿಸಿದವರು ಅಮೆರಿಕದಲ್ಲಿ ಎಬಿಎಸ್‌ಎನ್ ನರ್ಸಿಂಗ್ ಡಿಗ್ರಿಗೆ ಅಪ್ಲೈ ಮಾಡೋದು ಹೇಗೆ? ಮಾಡಿದವರು ಇದ್ರೆ ದಯವಿಟ್ಟು ಹೇಳಿ

ಚಿಕ್ಕಮಗಳೂರು_ಟು_ಜರ್ಸಿ:
ಎಲ್ಲರಿಗೂ ನಮಸ್ಕಾರ. ನಾನು ವಿಟಿಯುನಲ್ಲಿ ಇ ಅಂಡ್ ಸಿ, 2012ರಲ್ಲಿ ಪಾಸ್ ಔಟ್. ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದೆ, ಮದುವೆ ಆಗಿ ನ್ಯೂಜೆರ್ಸಿಗೆ ಬಂದೆ, ಈಗ ಎಚ್4 ವೀಸಾ (ಎಚ್1ಬಿ ಕೆಲಸದ ವೀಸಾ ಇರೋರ ಮನೆಯವರಿಗೆ ಸಿಗೋದು), ಜೊತೆಗೆ ಇಎಡಿ ಅನ್ನೋ ಕೆಲಸದ ಪರವಾನಗಿ ಇದೆ, ಮಗಳು ಫಸ್ಟ್ ಗ್ರೇಡ್. ಮತ್ತೆ ಐಟಿಗೆ ಹೋಗೋ ಮನಸ್ಸು ಸುತರಾಂ ಇಲ್ಲ. ಊರಲ್ಲಿ ಅಪ್ಪಂಗೆ ಸ್ಟ್ರೋಕ್ ಆದಾಗ ಆಸ್ಪತ್ರೆಯಲ್ಲಿ ಅವರ ಜೊತೆ ಇದ್ದೆ, ಆಗಿಂದ ನರ್ಸಿಂಗ್ ಮಾಡಬೇಕು ಅನ್ನೋದು ತಲೇಲಿ ಕೂತುಬಿಟ್ಟಿದೆ. ಬೇರೆ ವಿಷಯದಲ್ಲಿ ಡಿಗ್ರಿ ಇರೋರಿಗೆ ಆಕ್ಸಿಲರೇಟೆಡ್ ಬಿಎಸ್‌ಎನ್ (ಎಬಿಎಸ್‌ಎನ್), ಅಂದ್ರೆ ಬೇಗ ಮುಗಿಯೋ ನರ್ಸಿಂಗ್ ಬ್ಯಾಚುಲರ್ಸ್ ಅಂತ ಇದೆ, 12ರಿಂದ 16 ತಿಂಗಳಲ್ಲಿ ಮುಗಿಯುತ್ತೆ ಅಂತ ಓದಿದೆ. ಒಂದು ಪ್ರೈವೇಟ್ ಕಾಲೇಜಿನ ವೆಬ್‌ಸೈಟಲ್ಲಿ ನಂಬರ್ ಕೊಟ್ಟಿದ್ದೇ ತಡ, ದಿನಾ ಫೋನ್ ಮಾಡಿ ಈ ವಾರನೇ ಅಪ್ಲಿಕೇಶನ್ ಹಾಕಿ ಅಂತಿದಾರೆ. ಮನೇಲಿ ಅತ್ತೆ "ಇಂಜಿನಿಯರ್ ಆಗಿ ನರ್ಸ್ ಕೆಲಸನಾ" ಅಂದ್ರು, ಯಜಮಾನ್ರು ಏನೂ ಹೇಳ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ನೈಟ್‌ಶಿಫ್ಟ್_ಅಕ್ಕ:
ಮೊದಲು ಆ ಫೋನ್ ನಂಬರ್ ಬ್ಲಾಕ್ ಮಾಡಮ್ಮ. ಅವರು ಕೌನ್ಸೆಲರ್ ಅಂತ ಹೇಳ್ಕೊಂಡ್ರೂ ಅವರ ಕೆಲಸ ಸೀಟು ತುಂಬಿಸೋದು.

ನಾನು ಮೈಸೂರಲ್ಲಿ ಬಿಎಸ್ಸಿ ಮಾಡಿ, ಇಲ್ಲಿ ಎಬಿಎಸ್‌ಎನ್ ಮುಗಿಸಿ ಈಗ ಟೆಲಿಮೆಟ್ರಿ ಫ್ಲೋರಲ್ಲಿ (ಹೃದಯ ಬಡಿತ ಮಾನಿಟರ್ ಮಾಡೋ ವಾರ್ಡ್) ರಾತ್ರಿ ಪಾಳಿ ಮಾಡ್ತಿದೀನಿ. ನಮ್ಮವರು ಯಾರೇ ಕೇಳಿದ್ರೂ ನಾನು ಹೇಳೋದು ಒಂದೇ, ಅಪ್ಲಿಕೇಶನ್ ಫಾರ್ಮಿಂದ ಶುರು ಮಾಡಬೇಡಿ, ಕೊನೆಯಿಂದ ಹಿಂದಕ್ಕೆ ಬನ್ನಿ. ಕೊನೆ ಅಂದ್ರೆ ಲೈಸೆನ್ಸ್ ಕೈಗೆ ಬಂದು ಒಂದು ಆಸ್ಪತ್ರೆ ಕೆಲಸಕ್ಕೆ ತಗೊಳೋ ದಿನ. ಆ ದಿನ ನಿಮ್ಮತ್ರ ಏನೇನು ಇರಬೇಕು? ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ ಪಾಸಾಗಿರಬೇಕು, ನಿಮ್ಮ ರಾಜ್ಯದ ಬೋರ್ಡ್ ಆಫ್ ನರ್ಸಿಂಗ್ ಲೈಸೆನ್ಸ್ ಕೊಟ್ಟಿರಬೇಕು, ಕೆಲಸ ಮಾಡೋ ಪರವಾನಗಿ ಚಾಲ್ತಿಯಲ್ಲಿರಬೇಕು. ಈ ಮೂರರಲ್ಲಿ ಒಂದು ತಪ್ಪಿದ್ರೂ ಸುರಿದ ದುಡ್ಡು ಅಲ್ಲೇ ನಿಂತುಬಿಡುತ್ತೆ.

ಅಮೆರಿಕದಲ್ಲಿ ಓದೋರು ಎನ್‌ಕ್ಲೆಕ್ಸ್‌ಗೆ ಕೂರೋಕೆ ಬೋರ್ಡ್ ಒಪ್ಪಿಗೆ ಕೊಟ್ಟ ಕಾಲೇಜಲ್ಲೇ ಓದಿರಬೇಕು. ಜೊತೆಗೆ ಸಿಸಿಎನ್‌ಇ ಅಥವಾ ಎಸಿಇಎನ್ ಅನ್ನೋ ಸಂಸ್ಥೆಗಳ ಮಾನ್ಯತೆ ಇದೆಯಾ ನೋಡಿ, ಇಲ್ಲದಿದ್ರೆ ಮುಂದೆ ಎಂಎಸ್‌ಎನ್‌ಗೆ (ನರ್ಸಿಂಗ್ ಮಾಸ್ಟರ್ಸ್) ಅಂತ ಹೋದಾಗ ತುಂಬ ಕಡೆ ಬಾಗಿಲು ಮುಚ್ಚುತ್ತೆ. ಆಮೇಲೆ ನಿಮ್ಮ ರಾಜ್ಯದ ಬೋರ್ಡ್ ವೆಬ್‌ಸೈಟಲ್ಲಿ ಕಾಲೇಜುವಾರು ಎನ್‌ಕ್ಲೆಕ್ಸ್ ಪಾಸ್ ಪರ್ಸೆಂಟೇಜ್ ಹುಡುಕಿ. 2023ರಲ್ಲಿ ಅಮೆರಿಕದಲ್ಲೇ ಓದಿ ಮೊದಲ ಸಲ ಬರೆದವರಲ್ಲಿ ಸುಮಾರು 88.5% ಪಾಸಾದ್ರು. ನೀವು ನೋಡ್ತಿರೋ ಕಾಲೇಜು ವರ್ಷ ವರ್ಷನೂ ಅದಕ್ಕಿಂತ ತುಂಬ ಕೆಳಗಿದ್ರೆ ಅಲ್ಲಿಗೆ ಬಿಟ್ಟುಬಿಡಿ, ಕಟ್ಟಡ ಎಷ್ಟೇ ಚೆನ್ನಾಗಿರಲಿ. ಎಷ್ಟು ಜನ ಸೇರಿದ್ರು, ಎಷ್ಟು ಜನ ಅದೇ ಬ್ಯಾಚಲ್ಲಿ ಮುಗಿಸಿದ್ರು ಅಂತಲೂ ಕೇಳಿ. ಅರ್ಧ ಕ್ಲಾಸನ್ನ ಮಧ್ಯದಲ್ಲೇ ಫೇಲ್ ಮಾಡಿ ಉಳಿದವರನ್ನ ಮಾತ್ರ ಪರೀಕ್ಷೆಗೆ ಕಳಿಸಿದ್ರೆ ಪಾಸ್ ರೇಟ್ ತಾನಾಗೇ ಚೆನ್ನಾಗಿ ಕಾಣುತ್ತೆ.

ಅತ್ತೆಯವರ ಮಾತು ಮನಸ್ಸಿಗೆ ಹಚ್ಕೋಬೇಡಿ. ನಮ್ಮ ಮನೇಲೂ ಅದೇ ಮಾತು ಬಂದಿತ್ತು. ಬಿಪಿ ಮಾತ್ರೆ ಬಗ್ಗೆ ಈಗ ಇಡೀ ನೆಂಟರ ಬಳಗ ನಂಗೇ ಫೋನ್ ಮಾಡುತ್ತೆ.

ಹುಬ್ಬಳ್ಳಿ_ಮಂದಿ_ಡಲ್ಲಾಸ್:
ಅಕ್ಕಾರ ಹೇಳಿದ್ದು ಖರೇ ಐತಿ. ರೊಕ್ಕದ ಮಾತು ನಾ ಹೇಳ್ತೀನಿ, ಯಾಕಂದ್ರ ನನ್ನ ಹೆಂಡತಿ ಹೋದ ವರ್ಷ ಮುಗಿಸ್ಯಾಳ. ಪ್ರೈವೇಟ್ ಎಬಿಎಸ್‌ಎನ್ ಅಂದ್ರ 60-80 ಸಾವಿರ ಡಾಲರ್ ಸಾಮಾನ್ಯ, ಕೆಲವು ಕಡೆ ಲಕ್ಷ ದಾಟತೈತಿ. ಸರ್ಕಾರಿ ಯುನಿವರ್ಸಿಟಿ ಒಳಗ ಇನ್-ಸ್ಟೇಟ್ ಫೀಸ್ (ಆ ರಾಜ್ಯದಾಗ ಇರೋರಿಗೆ ಇರೋ ಫೀಸ್) ಸಿಕ್ರ ಭಾಳ ಕಡಿಮಿ ಆಗ್ತದ, ಆದ್ರ ಸೀಟಿಗೆ ಹೊಡೆದಾಟ. ಎಚ್4 ಮ್ಯಾಲೆ ಇದ್ದವರಿಗೆ ಫೆಡರಲ್ ಲೋನ್ ಸಿಗಂಗಿಲ್ರೀ, ಅದು ಸಿಟಿಜನ್ ಮತ್ತ ಗ್ರೀನ್ ಕಾರ್ಡ್ ಇದ್ದವರಿಗೆ. ಪ್ರೈವೇಟ್ ಲೋನಿಗೆ ಹೆಚ್ಚಾಗಿ ಗ್ರೀನ್ ಕಾರ್ಡ್ ಇಲ್ಲಾ ಸಿಟಿಜನ್ ಜಾಮೀನು ಕೇಳ್ತಾರ. ಅಂದ್ರ ಉಳಿತಾಯದ ರೊಕ್ಕದಾಗ ಮಾಡಬೇಕು. ಮ್ಯಾಲೆ ಆ ಒಂದೂವರೆ ವರ್ಷ ನಿಮ್ಮ ಸಂಬಳ ಇರಂಗಿಲ್ಲ, ಮಗುವಿನ ಡೇಕೇರ್ ಖರ್ಚು ಹೆಚ್ಚಾಗ್ತದ, ಅದನ್ನೂ ಕೂಡಿಸ್ರಿ.

ಇನ್ನೊಂದು ದಾರಿ ಐತಿ, ಯಾರೂ ಹೇಳಂಗಿಲ್ಲ. ಕಮ್ಯುನಿಟಿ ಕಾಲೇಜಿನಾಗ ಎಡಿಎನ್, ಅಂದ್ರ ನರ್ಸಿಂಗ್ ಅಸೋಸಿಯೇಟ್ ಡಿಗ್ರಿ ಮಾಡ್ರಿ. ಪ್ರಿರಿಕ್ವಿಸಿಟ್ (ಸೇರೂಕಿಂತ ಮೊದಲ ಮುಗಿಸಬೇಕಾದ ವಿಷಯಗಳು) ಬಿಟ್ಟು ಎರಡು ವರ್ಷ, ಖರ್ಚು ಭಾಳ ಕಡಿಮಿ, ಬರೆಯೋದು ಅದೇ ಎನ್‌ಕ್ಲೆಕ್ಸ್, ಆಗೋದು ಅದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್). ಕೆಲಸಕ್ಕ ಸೇರಿ ಆನ್‌ಲೈನ್ ಆರ್‌ಎನ್ ಟು ಬಿಎಸ್‌ಎನ್ ಮಾಡಿದ್ರಾತು. ಭಾಳ ಆಸ್ಪತ್ರೆಯವರು ಓದಾಕ ವರ್ಷಕ್ಕ 5,250 ಡಾಲರ್ ತನಕ ಕೊಡ್ತಾರ, ಅಷ್ಟಕ್ಕ ಟ್ಯಾಕ್ಸ್ ಇಲ್ಲ.

ನೈಟ್‌ಶಿಫ್ಟ್_ಅಕ್ಕ:
ಎಡಿಎನ್ ಒಳ್ಳೇ ದಾರಿನೇ ಅಣ್ಣ, ನಾನು ಬೇಡ ಅನ್ನಲ್ಲ. ಆದ್ರೆ ಊರು ನೋಡ್ಕೊಂಡು ಹೇಳಬೇಕು. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ದೊಡ್ಡ ಆಸ್ಪತ್ರೆಗಳು ಹೊಸಬರನ್ನ ತಗೊಳ್ಳುವಾಗ ಬಿಎಸ್‌ಎನ್ ಕೇಳ್ತವೆ. ನ್ಯೂಯಾರ್ಕಲ್ಲಂತೂ 2017ರ ಕಾನೂನಿದೆ, ಲೈಸೆನ್ಸ್ ಸಿಕ್ಕ 10 ವರ್ಷದೊಳಗೆ ಬಿಎಸ್‌ಎನ್ ಮಾಡ್ಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಡಿಎನ್ ಸೀಟಿಗೆ ಕೆಲವು ಕಾಲೇಜಲ್ಲಿ ಲಾಟರಿ ಎತ್ತುತ್ತಾರೆ, ವೇಟ್‌ಲಿಸ್ಟಲ್ಲೇ ವರ್ಷಗಟ್ಟಲೆ ಕೂತವರಿದಾರೆ. ಖುಷಿ ವಿಷಯ ಏನಂದ್ರೆ ಎರಡು ದಾರಿಗೂ ಪ್ರಿರಿಕ್ವಿಸಿಟ್ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಮೊದಲ ಒಂದು ವರ್ಷ ಯೋಚನೆ ಮಾಡ್ಕೊಂಡೇ ಓದಬಹುದು, ಎರಡಕ್ಕೂ ಅಪ್ಲೈ ಮಾಡಬಹುದು.

ಚಿಕ್ಕಮಗಳೂರು_ಟು_ಜರ್ಸಿ:
ತುಂಬಾ ಥ್ಯಾಂಕ್ಸ್ ಅಕ್ಕ, ಅಣ್ಣ. ಪ್ರಿರಿಕ್ವಿಸಿಟ್ ವಿಷಯಕ್ಕೆ ನನ್ನ ಬಿಇ ಮಾರ್ಕ್ಸ್ ಏನೂ ಉಪಯೋಗ ಇಲ್ವಾ? ಫಸ್ಟ್ ಇಯರಲ್ಲಿ ಕೆಮಿಸ್ಟ್ರಿ ಓದಿದೀನಿ, ಎಂ4ನಲ್ಲಿ (ನಾಲ್ಕನೇ ಸೆಮಿಸ್ಟರ್ ಮ್ಯಾತ್ಸ್) ಪ್ರಾಬಬಿಲಿಟಿ ಎಲ್ಲ ಇತ್ತು.

ಕೆಮಿಸ್ಟ್ರಿ_ಸೈಕಲ್:
ನಾನೂ ವಿಟಿಯು ರೀ, ಅಲ್ಲಿನ ಫಸ್ಟ್ ಇಯರ್ ಕೆಮಿಸ್ಟ್ರಿ ಸೈಕಲ್ಲೇ ನನ್ನ ಹೆಸರು. ಈಗ ಪ್ರಿರಿಕ್ವಿಸಿಟ್ ಮುಗಿಸ್ತಾ ಇದೀನಿ, ಈ ವರ್ಷ ಅಪ್ಲೈ. ಬಿಇಯಿಂದ ನಿಮಗೆ ಸಿಗೋ ದೊಡ್ಡ ಲಾಭ ಅಂದ್ರೆ ನಾಲ್ಕು ವರ್ಷದ ಡಿಗ್ರಿ. ವೆಸ್ ಅಥವಾ ಇಸಿಇ ತರ ವಿದೇಶಿ ಡಿಗ್ರಿ ಅಳೆಯೋ ಸಂಸ್ಥೆಗಳ ಹತ್ರ ಕೋರ್ಸ್ ಬೈ ಕೋರ್ಸ್ ಇವ್ಯಾಲ್ಯುಯೇಶನ್ ಮಾಡಿಸಿದ್ರೆ ಇಲ್ಲಿನ ಬ್ಯಾಚುಲರ್ಸ್‌ಗೆ ಸಮ ಅಂತ ಬರುತ್ತೆ. ಡಾಕ್ಯುಮೆಂಟ್ ಬೈ ಡಾಕ್ಯುಮೆಂಟ್ ಮಾಡಿಸಬೇಡಿ, ಸ್ವಲ್ಪ ಕಡಿಮೆ ದುಡ್ಡು ಅಂತ ತುಂಬ ಜನ ಅದನ್ನೇ ಆರಿಸ್ತಾರೆ, ಅದರಲ್ಲಿ ಪ್ರತಿ ವಿಷಯದ ಗ್ರೇಡ್ ಬರಲ್ಲ, ನರ್ಸಿಂಗ್ ಕಾಲೇಜಿಗೆ ಉಪಯೋಗಕ್ಕೆ ಬರಲ್ಲ. ನಮ್ಮ 65% ಇಲ್ಲಿ ಸಿ ಗ್ರೇಡ್ ಆಗುತ್ತೆ ಅನ್ನೋ ಭಯನೂ ಬೇಡ, ನಮ್ಮಲ್ಲಿ ಮಾರ್ಕ್ಸ್ ಹಾಕೋ ರೀತಿ ಅವರಿಗೆ ಗೊತ್ತು, ಅದಕ್ಕೆ ತಕ್ಕ ಹಾಗೇ ಕನ್ವರ್ಟ್ ಮಾಡ್ತಾರೆ.

ಆದ್ರೆ ವಿಷಯಗಳ ಲೆಕ್ಕದಲ್ಲಿ ಹೆಚ್ಚು ಆಸೆ ಇಟ್ಕೋಬೇಡಿ. ಇಂಜಿನಿಯರಿಂಗ್ ಕೆಮಿಸ್ಟ್ರಿನ ನನ್ನ ಲಿಸ್ಟಲ್ಲಿರೋ ಯಾವ ಕಾಲೇಜೂ ಒಪ್ಪಲಿಲ್ಲ. ಸ್ಟಾಟಿಸ್ಟಿಕ್ಸ್‌ಗೆ ಎಂ4 ಸಿಲಬಸ್ ಕಳಿಸಿದೆ, ಒಂದು ಕಡೆ ಒಪ್ಪಿದ್ರು, ಇನ್ನೊಂದು ಕಡೆ ಸ್ಟಾಟಿಸ್ಟಿಕ್ಸ್ ಅಂತ ಹೆಸರಿರೋ ಕೋರ್ಸೇ ಬೇಕು ಅಂದ್ರು. ಅದೂ ಅಲ್ದೆ ಸೈನ್ಸ್ ವಿಷಯ ಓದಿ ಎಷ್ಟು ವರ್ಷ ಆಗಿದೆ ಅನ್ನೋದಕ್ಕೆ ತುಂಬ ಕಡೆ ಮಿತಿ ಇದೆ, 5 ವರ್ಷ, 7 ವರ್ಷ, ಕೆಲವು ಕಡೆ 10 ವರ್ಷ. 2012ಕ್ಕೆ ಮುಂಚೆ ಓದಿದ್ದು ಇಂಥ ಮಿತಿ ಇರೋ ಕಡೆ ಎಲ್ಲ ಹೊರಗೇ. ಸಾಮಾನ್ಯವಾಗಿ ಕೇಳೋದು ಅನಾಟಮಿ ಅಂಡ್ ಫಿಸಿಯಾಲಜಿ (ಎ ಅಂಡ್ ಪಿ) 1 ಮತ್ತು 2 ಲ್ಯಾಬ್ ಸಮೇತ, ಮೈಕ್ರೋಬಯಾಲಜಿ ಲ್ಯಾಬ್ ಸಮೇತ, ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್, ಡೆವಲಪ್‌ಮೆಂಟಲ್ ಸೈಕಾಲಜಿ, ನ್ಯೂಟ್ರಿಶನ್. ಎ ಅಂಡ್ ಪಿ 1 ಆಗದೆ 2 ತಗೊಳಕ್ಕಾಗಲ್ಲ, ಹಾಗಾಗಿ ಫಾಲ್ (ಆಗಸ್ಟ್ ಕೊನೆ ಹೊತ್ತಿಗೆ ಶುರುವಾಗೋ) ಸೆಮಿಸ್ಟರ್ ತಪ್ಪಿಸಿಕೊಂಡ್ರೆ ಇಡೀ ಲೆಕ್ಕ ಮುಂದಕ್ಕೆ ಹೋಗುತ್ತೆ.

ಎ ಅಂಡ್ ಪಿನ ಹಗುರವಾಗಿ ತಗೋಬೇಡಿ ಅಂತ ಕೈ ಮುಗಿದು ಹೇಳ್ತೀನಿ. ನಮ್ಮ ಲ್ಯಾಬ್ ಪ್ರಾಕ್ಟಿಕಲ್ ಹೇಗಿರುತ್ತೆ ಅಂದ್ರೆ, ಟೇಬಲ್ ತುಂಬಾ ಸ್ಟೇಷನ್ ಇಟ್ಟಿರ್ತಾರೆ, ಒಂದು ಕಡೆ ಮೂಳೆ, ಒಂದು ಕಡೆ ಹೃದಯದ ಮಾಡೆಲ್, ಒಂದು ಕಡೆ ಮೈಕ್ರೋಸ್ಕೋಪ್, ಪ್ರತಿಯೊಂದರ ಮೇಲೂ ಒಂದು ಬಣ್ಣದ ಪಿನ್ ಚುಚ್ಚಿರುತ್ತೆ, ಆ ಜಾಗದ ಹೆಸರು ಬರೀಬೇಕು, ಒಂದು ನಿಮಿಷಕ್ಕೆ ಟೈಮರ್ ಹೊಡೀತು ಅಂದ್ರೆ ಮುಂದಿನ ಸ್ಟೇಷನ್. ತೊಡೆಮೂಳೆ ಅಂತ ಗೊತ್ತಿದ್ರೆ ಸಾಲದು, ಎಡಗಾಲಿಂದೋ ಬಲಗಾಲಿಂದೋ, ಪಿನ್ ಇರೋ ಉಬ್ಬಿನ ಹೆಸರೇನು, ಎಲ್ಲ ಬೇಕು. ಸ್ಪೆಲಿಂಗ್ ತಪ್ಪಿದ್ರೆ ಮಾರ್ಕ್ಸ್ ಹೋಯ್ತು. ಹಿಂದಿನ ದಿನ ರಾತ್ರಿ ಕೂತು ಇಂಜಿನಿಯರಿಂಗ್ ಪಾಸ್ ಮಾಡಿದ ಅಭ್ಯಾಸ ಇಲ್ಲಿ ನಡೆಯಲ್ಲ, ದಿನಾ ಓದಬೇಕು. ಆದ್ರೆ ಕಿಡ್ನಿ ಹೇಗೆ ಕೆಲಸ ಮಾಡುತ್ತೆ ಅಂತ ಓದುವಾಗ ನಂಗೆ ಸರ್ಕ್ಯೂಟ್ ಓದಿದಾಗ ಯಾವತ್ತೂ ಸಿಗದ ಖುಷಿ ಸಿಕ್ತು, ಅದೂ ನಿಜ.

ಬಿಕಾಂ_ದಾವಣಗೆರೆ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ದಾವಣಗೆರೆಯಲ್ಲೇ ಇದೀನಿ, ಬಿಕಾಂ ಆಗಿದೆ. ನಮ್ಮಲ್ಲಿ ಈ ತರ ಒಂದು ವರ್ಷದ ನರ್ಸಿಂಗ್ ಇಲ್ವಾ? ಪೋಸ್ಟ್ ಬೇಸಿಕ್ ಅಂತ ಒಂದು ಕಾಲೇಜಿನ ಬೋರ್ಡ್ ಮೇಲೆ ನೋಡಿದೆ.

ಕುಡ್ಲ_ಸಿಸ್ಟರ್:
ಇಲ್ಲ ತಮ್ಮಾ. ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಅಂದ್ರೆ ಆಗಲೇ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ರಿಜಿಸ್ಟರ್ ಆದವರಿಗೆ, ಎರಡು ವರ್ಷ. ಬೇರೆ ಡಿಗ್ರಿ ಇದ್ದವರಿಗೆ ವರ್ಷ ಕಡಿಮೆ ಮಾಡುವ ವ್ಯವಸ್ಥೆ ಭಾರತದಲ್ಲಿ ಇಲ್ಲ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು. ಜಿಎನ್‌ಎಂ ಮೂರು ವರ್ಷ, ಅದಕ್ಕೆ ಸೈನ್ಸೇ ಬೇಕು ಅಂತ ಇಲ್ಲ, ಕಾಮರ್ಸ್‌ನವರೂ ಸೇರಬಹುದು. ನಿಮಗೆ ಮನಸ್ಸಿದ್ದರೆ ಜಿಎನ್‌ಎಂ ನೋಡಿ. ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮತ್ತು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಉಂಟಾ ಅಂತ ನೋಡಿಕೊಂಡೇ ದುಡ್ಡು ಕಟ್ಟಿ, ಏಜೆಂಟ್ ಮಾತು ಕೇಳಿ ಅಲ್ಲ. ಕ್ಲಾಸಿಗೆ ಬರಬೇಕಾಗಿಲ್ಲ, ಸರ್ಟಿಫಿಕೇಟ್ ಮನೆಗೆ ಬರ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಂಥ ಸರ್ಟಿಫಿಕೇಟ್ ಹಿಡಿದು ನಾಳೆ ಒಬ್ಬರ ಕೈಗೆ ಸೂಜಿ ಚುಚ್ಚುವುದು ಹೇಗೆ ಮಾರ್ರೆ.

ಚಿಕ್ಕಮಗಳೂರು ಅವರೇ, ನಾನು ಮಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಬಂದವಳು, ಬೆಂಗಳೂರಿನ ಸೆಂಟರಲ್ಲೇ ಎನ್‌ಕ್ಲೆಕ್ಸ್ ಬರೆದದ್ದು, ಹಾಗಾಗಿ ನಿಮ್ಮ ಅಪ್ಲಿಕೇಶನ್ ದಾರಿ ನನಗೆ ಗೊತ್ತಿಲ್ಲ. ಆದರೆ ನಮ್ಮ ಫ್ಲೋರಿಗೆ ಎಬಿಎಸ್‌ಎನ್ ವಿದ್ಯಾರ್ಥಿಗಳು ಕ್ಲಿನಿಕಲ್‌ಗೆ, ಅಂದರೆ ಆಸ್ಪತ್ರೆ ತರಬೇತಿಗೆ ಬರ್ತಾರೆ. ಒಂದು ವಿಷಯ ಹೇಳ್ತೇನೆ, ಭಾರತದವರಿಗೆ ಇದು ಮುಖ್ಯ. ಕ್ಲಿನಿಕಲ್ ಶುರುವಾಗುವ ಮೊದಲು ಟಿಬಿ ಟೆಸ್ಟ್ ಕೇಳ್ತಾರೆ. ನಮಗೆಲ್ಲ ಹುಟ್ಟಿದಾಗ ಬಿಸಿಜಿ ಹಾಕಿದ್ದಾರೆ, ತೋಳಿನ ಮೇಲೆ ಕಲೆ ಉಂಟಲ್ಲ ಅದು. ಕೈಗೆ ಚುಚ್ಚುವ ಸ್ಕಿನ್ ಟೆಸ್ಟ್ ಮಾಡಿಸಿದರೆ ಬಿಸಿಜಿಯಿಂದಾಗಿ ಊದಿಕೊಂಡು ಪಾಸಿಟಿವ್ ಅಂತ ಬರಬಹುದು, ಆಮೇಲೆ ಎಕ್ಸ್‌ರೇ, ಡಾಕ್ಟರ್ ಲೆಟರ್ ಅಂತ ಓಡಾಟ. ಕ್ವಾಂಟಿಫೆರಾನ್ ಅಂತ ರಕ್ತದ ಟೆಸ್ಟ್ ಉಂಟು, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ, ಅದನ್ನೇ ಕೇಳಿ ಮಾಡಿಸಿ. ಹಾಗೆಯೇ ಎಂಎಂಆರ್, ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಲಸಿಕೆ ಆದದ್ದಕ್ಕೂ ದಾಖಲೆ ಕೇಳ್ತಾರೆ. ನಮ್ಮ ಹತ್ತಿರ ಚಿಕ್ಕಂದಿನ ಲಸಿಕೆ ಕಾರ್ಡ್ ಎಲ್ಲಿ ಇರ್ತದೆ ಹೇಳಿ, ಹಾಗಾಗಿ ರಕ್ತದಲ್ಲಿ ರೋಗನಿರೋಧಕ ಶಕ್ತಿ ಉಂಟಾ ಅಂತ ನೋಡುವ ಟೈಟರ್ ಟೆಸ್ಟ್ ಮಾಡಿಸಬೇಕಾಗ್ತದೆ. ಹೆಪಟೈಟಿಸ್ ಬಿ ಮೊದಲಿಂದ ಹಾಕಿಸಬೇಕಾದರೆ ಮೂರು ಡೋಸಿನದಕ್ಕೆ ಆರು ತಿಂಗಳು ಹಿಡೀತದೆ. ಸೀಟು ಸಿಕ್ಕಿದ ಮೇಲೆ ನೋಡುವಾ ಅಂತ ಕೂತರೆ ಸಮಯ ಸಾಲುವುದಿಲ್ಲ, ಈಗಲೇ ಶುರು ಮಾಡಿ ಆಯ್ತಾ.

ವೀಸಾ_ಲೆಕ್ಕಾಚಾರ:
ಯಾರೂ ವೀಸಾ ವಿಷಯ ಬಿಡಿಸಿ ಹೇಳ್ಲಿಲ್ಲ, ಅದಕ್ಕೆ ಬರೀತಿದೀನಿ. ಭಯ ಪಡಿಸೋಕಲ್ಲ.

ಎಚ್4 ಮೇಲೆ ಫುಲ್ ಟೈಮ್ ಓದಬಹುದು, ಎಫ್1 ಸ್ಟೂಡೆಂಟ್ ವೀಸಾಗೆ ಬದಲಾಯಿಸ್ಕೊಳ್ಳೋ ಅಗತ್ಯ ಇಲ್ಲ. ಕೋರ್ಸಿನ ಭಾಗವಾಗಿ ಸಂಬಳ ಇಲ್ದೆ ಮಾಡೋ ಕ್ಲಿನಿಕಲ್‌ಗೂ ಇಎಡಿ ಬೇಕಿಲ್ಲ. ಆದ್ರೆ ಮುಗಿಸಿದ ಮೇಲೆ ಕೆಲಸಕ್ಕೆ ಇಎಡಿ ಬೇಕೇ ಬೇಕು. ಎಚ್4 ಇಎಡಿ 2015ರಲ್ಲಿ ಬಂದ ನಿಯಮ, ಯಜಮಾನ್ರ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗಿರ್ಬೇಕು ಅಥವಾ ಅವರ ಎಚ್1ಬಿ ಆರು ವರ್ಷ ದಾಟಿ ಮುಂದುವರೆದಿರ್ಬೇಕು. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ರಿನ್ಯೂವಲ್‌ಗಳಿಗೆ ಆಟೋಮ್ಯಾಟಿಕ್ ಎಕ್ಸ್‌ಟೆನ್ಶನ್ ತೆಗೆದುಬಿಟ್ಟಿದಾರೆ. ಅಂದ್ರೆ ಹಳೇ ಕಾರ್ಡ್ ಮುಗಿದು ಹೊಸದು ಬರದಿದ್ರೆ ಆ ಮಧ್ಯೆ ಕೆಲಸ ಮಾಡೋ ಹಾಗಿಲ್ಲ. ಹೊಸ ನರ್ಸ್‌ಗಳನ್ನ ಆಸ್ಪತ್ರೆಗಳು ರೆಸಿಡೆನ್ಸಿ ಅನ್ನೋ ತರಬೇತಿಗೆ ಬ್ಯಾಚ್ ಬ್ಯಾಚಾಗಿ ತಗೊಳ್ತವೆ, ನಿಮ್ಮ ಬ್ಯಾಚ್ ಶುರುವಾಗೋ ತಿಂಗಳಲ್ಲೇ ಕಾರ್ಡ್ ಮುಗಿದಿದ್ರೆ ಏನು ಗತಿ ಅಂತ ಈಗಲೇ ಕ್ಯಾಲೆಂಡರ್ ಇಟ್ಕೊಂಡು ನೋಡಿ.

ಇನ್ನೊಂದು. ನರ್ಸ್ ಆದ್ರೆ ಆಸ್ಪತ್ರೆಯವರು ಎಚ್1ಬಿ ಮಾಡಿಸ್ತಾರೆ ಅಂತ ನಂಬಿಕೊಂಡು ಹೋಗಬೇಡಿ, ಸಾಮಾನ್ಯ ಬೆಡ್‌ಸೈಡ್ ಆರ್‌ಎನ್ ಕೆಲಸಕ್ಕೆ ಎಚ್1ಬಿ ಸಿಗೋದು ಬಹಳ ಕಷ್ಟ, ಎರಡು ವರ್ಷದ ಎಡಿಎನ್ ಇದ್ರೂ ಆ ಕೆಲಸ ಸಿಗುತ್ತಲ್ಲ ಅನ್ನೋದೇ ಕಾರಣ. ಗ್ರೀನ್ ಕಾರ್ಡಿಗೆ ನರ್ಸ್‌ಗಳು ಶೆಡ್ಯೂಲ್ ಎ (ಜನರ ಕೊರತೆ ಇರೋ ಕೆಲಸಗಳ ಪಟ್ಟಿ) ಅಡಿ ಬರ್ತಾರೆ, ಪರ್ಮ್ (ಇಲ್ಲಿನವರು ಸಿಗ್ತಿಲ್ಲ ಅಂತ ತೋರಿಸೋ ಹಂತ) ಇಲ್ದೆ ನೇರ ಐ-140 ಹಾಕಬಹುದು, ಆದ್ರೆ ಭಾರತದವರ ಇಬಿ3 ಗ್ರೀನ್ ಕಾರ್ಡ್ ಸಾಲು ಎಷ್ಟುದ್ದ ಅಂತ ನಿಮಗೂ ಗೊತ್ತು. ಯಜಮಾನ್ರ ಕೆಲಸ ಹೋದ್ರೆ ಇಲ್ಲಿರೋಕೆ ಹೆಚ್ಚಂದ್ರೆ 60 ದಿನ ಅಷ್ಟೇ, ಆಗ ಎಫ್1ಗೆ ಬದಲಾಯಿಸ್ಕೊಂಡು ಕೋರ್ಸ್ ಮುಗಿಸೋ ದಾರಿ ಇದೆ, ಒಪಿಟಿ (ಓದಿದ ಮೇಲೆ ಕೆಲಸ ಮಾಡೋಕೆ ಅನುಮತಿ) ಒಂದು ವರ್ಷ ಸಿಗುತ್ತೆ, ನರ್ಸಿಂಗ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ ಕೋರ್ಸ್‌ಗಳ) ಪಟ್ಟಿಯಲ್ಲಿಲ್ಲ ಹಾಗಾಗಿ ಮುಂದಿನ 24 ತಿಂಗಳು ಸಿಗಲ್ಲ. ಇಷ್ಟು ತಿಳ್ಕೊಂಡು ಧೈರ್ಯ ಮಾಡಿದ್ರೆ ಸಂತೋಷ. ಒಂದು ಸಲ ಇಮಿಗ್ರೇಶನ್ ಲಾಯರ್ ಹತ್ರ ನಿಮ್ಮ ಪೇಪರ್ ಇಟ್ಕೊಂಡು ಮಾತಾಡಿ.

ಹುಬ್ಬಳ್ಳಿ_ಮಂದಿ_ಡಲ್ಲಾಸ್:
ಇವರು ಹೇಳಿದ್ರಾಗ ಒಂದು ಸೇರಿಸ್ತೀನಿ, ಇಎಡಿ ಇಲ್ಲದ ಎಚ್4ದವರು ಇದನ್ನ ಓದಾಕತ್ತಿದ್ರ. ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಇಲ್ಲದ ಲೈಸೆನ್ಸ್ ಕೊಡಬೇಕೋ ಬ್ಯಾಡೋ ಅನ್ನೂದು ರಾಜ್ಯಕ್ಕೊಂದು ನಮೂನಿ. ಕ್ಯಾಲಿಫೋರ್ನಿಯಾದಾಗ ಐಟಿಐಎನ್ ಅನ್ನೋ ಟ್ಯಾಕ್ಸ್ ನಂಬರ್ ನಡೀತದ. ನಿಮ್ಮ ಬೋರ್ಡಿಗೆ ಈಮೇಲ್ ಹಾಕಿ ಬರವಣಿಗಿ ಒಳಗ ಉತ್ತರ ತಗೋರಿ.

ಗಂಡನ_ಕಡೆಯಿಂದ:
ನನ್ನ ಹೆಂಡತಿ ಈಗ ಎಬಿಎಸ್‌ಎನ್ ಎರಡನೇ ಸೆಮಿಸ್ಟರಲ್ಲಿ ಇದಾಳೆ. ಯಜಮಾನ್ರು ಏನೂ ಹೇಳ್ತಿಲ್ಲ ಅಂದ್ರಲ್ಲ, ಈ ಭಾಗನ ಅವರಿಗೆ ತೋರಿಸಿ. ಇಬ್ಬರೂ ಕೂತು ಮಾತಾಡದೆ ಸೀಟಿಗೆ ಡೆಪಾಸಿಟ್ ಕಟ್ಟಬೇಡಿ. ಕ್ಲಿನಿಕಲ್ ದಿನ ಬೆಳಿಗ್ಗೆ 6:45ಕ್ಕೆ ಅವಳು ಫ್ಲೋರಲ್ಲಿ ಇರಬೇಕು, ಆಸ್ಪತ್ರೆ ನಾವು ಕೇಳಿದ್ದು ಕೊಡಲ್ಲ, ಒಂದು ಗಂಟೆ ಡ್ರೈವ್ ಇದ್ರೂ ಹೋಗಬೇಕು, ಸಂಜೆ ಮನೆಗೆ ಬರುವಾಗ ಎಂಟು ಆಗಿರುತ್ತೆ. ಅಷ್ಟು ಬೆಳಿಗ್ಗೆ ಯಾವ ಡೇಕೇರೂ ತೆಗೆದಿರಲ್ಲ. ಮಗುನ ಎಬ್ಬಿಸಿ ಜಡೆ ಹಾಕಿ ಡಬ್ಬಿ ಕಟ್ಟಿ ಬಸ್ ಹತ್ತಿಸೋದು ನನ್ನ ಕೆಲಸ, ನಾನು ಆಫೀಸಲ್ಲಿ ಬೆಳಗಿನ ಮೀಟಿಂಗ್ ಬೇಡ ಅಂತ ಮೊದಲೇ ಮ್ಯಾನೇಜರ್ ಹತ್ರ ಮಾತಾಡಿಟ್ಟೆ. ಅಮ್ಮನ್ನ ಊರಿಂದ ಕರೆಸಿದ್ರಾಯ್ತು ಅಂತ ಸುಲಭವಾಗಿ ಹೇಳ್ತಾರೆ, ಬಿ2 ವಿಸಿಟರ್ ವೀಸಾದಲ್ಲಿ ಬಂದ್ರೆ ಸಾಮಾನ್ಯವಾಗಿ ಆರು ತಿಂಗಳು, ಕೋರ್ಸ್ ಅದಕ್ಕಿಂತ ಉದ್ದ.

ಮತ್ತೆ ಪರೀಕ್ಷೆ. ಅವಳ ಕಾಲೇಜಲ್ಲಿ ಪಾಸ್ ಮಾರ್ಕ್ 77, ರೌಂಡ್ ಮಾಡಲ್ಲ, 76.9 ಬಂದ್ರೂ ಫೇಲ್. ಡೋಸೇಜ್ ಕ್ಯಾಲ್ಕ್ಯುಲೇಶನ್ ಟೆಸ್ಟಲ್ಲಿ 90% ಬರದಿದ್ರೆ ರೋಗಿಗೆ ಔಷಧಿ ಕೊಡೋಕೆ ಬಿಡಲ್ಲ. ವಾರಕ್ಕೆ ಎರಡು ಮೂರು ಪರೀಕ್ಷೆ ಬಂದಾಗ ಮನೆಯಲ್ಲಿ ಹಬ್ಬ, ನೆಂಟರು, ಕನ್ನಡ ಕೂಟದ ಕಾರ್ಯಕ್ರಮ ಯಾವುದೂ ಇಲ್ಲ. ಆದ್ರೂ ನಾನು ಹೇಳ್ತೀನಿ, ಅವಳು ಕ್ಲಿನಿಕಲ್ ಮುಗಿಸಿ ಬಂದು ಆ ದಿನ ನೋಡಿದ್ದನ್ನ ಹೇಳುವಾಗ ಅವಳ ಮುಖ ನೋಡಬೇಕು. ಐಟಿ ಕೆಲಸದಲ್ಲಿ ಇದ್ದಾಗ ಅದನ್ನ ನಾನು ಕಂಡಿರಲಿಲ್ಲ.

ಚಿಕ್ಕಮಗಳೂರು_ಟು_ಜರ್ಸಿ:
ಇದನ್ನ ರಾತ್ರಿನೇ ಅವರಿಗೆ ತೋರಿಸಿದೆ. ಬೆಳಗಿನ ಹೊತ್ತು ನಾನು ನೋಡ್ಕೊಳ್ತೀನಿ ಅಂದ್ರು, ದುಡ್ಡಿನ ಲೆಕ್ಕ ಇಬ್ಬರೂ ಕೂತು ಹಾಕಿದ್ವಿ. ಅಕ್ಕ, ಇನ್ನೊಂದು ಸಹಾಯ. ಪರ್ಸನಲ್ ಸ್ಟೇಟ್‌ಮೆಂಟ್ ಬರೆಯೋಕೆ ಕೂತೆ, ಶುರು ಹೀಗಿದೆ: ಚಿಕ್ಕಂದಿನಿಂದಲೂ ಬೇರೆಯವರಿಗೆ ಸಹಾಯ ಮಾಡೋದು ನನಗೆ ತುಂಬಾ ಇಷ್ಟ, ನನ್ನ ತಂದೆಗೆ ಸ್ಟ್ರೋಕ್ ಆದಾಗ ನರ್ಸ್‌ಗಳು ಎಷ್ಟು ಪ್ರೀತಿಯಿಂದ ನೋಡಿಕೊಂಡರು ಅಂದರೆ ಅಂದೇ ನಾನು ಈ ವೃತ್ತಿಗೆ ಬರಬೇಕೆಂದು ನಿರ್ಧರಿಸಿದೆ. ಸರಿ ಇದೆಯಾ?

ನೈಟ್‌ಶಿಫ್ಟ್_ಅಕ್ಕ:
ನಿಮ್ಮ ಮನಸ್ಸು ಒಳ್ಳೇದು, ಆದ್ರೆ ಇದನ್ನ ಓದೋರ ಮುಂದೆ ಇದೇ ತರ ನೂರಾರು ಇರುತ್ತೆ. ಸಹಾಯ ಮಾಡೋ ಆಸೆ ಇದ್ರೆ ಡಾಕ್ಟರ್ ಆಗಬಹುದು, ಟೀಚರ್ ಆಗಬಹುದು. ನರ್ಸೇ ಯಾಕೆ ಅಂತ ಅವರಿಗೆ ಗೊತ್ತಾಗಬೇಕು. ಒಂದು ಕೇಳ್ತೀನಿ, ಆ ಆಸ್ಪತ್ರೆಯಲ್ಲಿ ಸಿಸ್ಟರ್ ನಿಜವಾಗಿ ಏನು ಮಾಡಿದ್ರು? ಪ್ರೀತಿ ಅನ್ನೋದು ಬಿಟ್ಟು, ಕೈಯಿಂದ ಮಾಡಿದ್ದು ಹೇಳಿ.

ಚಿಕ್ಕಮಗಳೂರು_ಟು_ಜರ್ಸಿ:
ಅಪ್ಪಂಗೆ ಎಚ್ಚರ ಬಂದಿತ್ತು, ಮಾತು ತೊದಲುತ್ತಿತ್ತು, ಕಾಫಿ ಬೇಕು ಅಂತ ಕೈಸನ್ನೆ ಮಾಡಿದ್ರು. ಅಜ್ಜಿ ಫ್ಲಾಸ್ಕಿಂದ ಬಗ್ಗಿಸಿ ಕೊಡೋಕೆ ಹೋದ್ರು, ಸಿಸ್ಟರ್ ಓಡಿ ಬಂದು ಲೋಟ ಹಿಡ್ಕೊಂಡ್ರು. ಅಜ್ಜಿಗೆ ಬೇಜಾರಾಯ್ತು, ಒಂದು ಗುಟುಕು ಕಾಫಿಗೂ ಬೇಡ ಅಂತೀರಲ್ಲ ಅಂದ್ರು. ಆಗ ಸಿಸ್ಟರ್ ಮಂಚದ ತಲೆಭಾಗ ಎತ್ತಿ ಅಪ್ಪನ್ನ ನೆಟ್ಟಗೆ ಕೂರಿಸಿ, ಒಂದೇ ಚಮಚ ನೀರು ಬಾಯಿಗೆ ಹಾಕಿ, ಗಂಟಲ ಮೇಲೆ ಎರಡು ಬೆರಳಿಟ್ಟು ನೋಡಿದ್ರು. ಅಪ್ಪ ಕೆಮ್ಮಿದ್ರು, ಧ್ವನಿ ಗೊರಗೊರ ಅಂತು. ಇವರಿಗೆ ನುಂಗೋಕೆ ಆಗ್ತಿಲ್ಲ ಅಜ್ಜಿ, ಕಾಫಿ ಕೊಟ್ರೆ ಶ್ವಾಸಕೋಶಕ್ಕೆ ಹೋಗುತ್ತೆ, ನ್ಯುಮೋನಿಯಾ ಆಗುತ್ತೆ ಅಂತ ಹೇಳಿ ಡಾಕ್ಟರಿಗೆ ಫೋನ್ ಮಾಡಿದ್ರು.

ನೈಟ್‌ಶಿಫ್ಟ್_ಅಕ್ಕ:
ಇದನ್ನೇ ಬರೀರಿ! ಸ್ಟ್ರೋಕ್ ಆದವರಿಗೆ ನಾವು ಇಲ್ಲೂ ಬಾಯಿಗೆ ಏನಾದ್ರೂ ಕೊಡೋ ಮುಂಚೆ ಸ್ವಾಲೋ ಸ್ಕ್ರೀನಿಂಗ್ ಮಾಡ್ತೀವಿ, ನಿಮ್ಮ ಊರಿನ ಸಿಸ್ಟರ್ ಮಾಡಿದ್ದು ಆ ಕೆಲಸಾನೇ. ಡಾಕ್ಟರ್ ಬರೋಕೆ ಮುಂಚೆ, ಮಂಚದ ಪಕ್ಕದಲ್ಲಿ ನಿಂತು, ಅಪಾಯನ ಮೊದಲು ಕಂಡು ತಡೆದವರು ಅವರು, ಅಜ್ಜಿಗೆ ಅರ್ಥ ಆಗೋ ಹಾಗೆ ಹೇಳಿದವರೂ ಅವರೇ. ನರ್ಸಿಂಗ್ ಯಾಕೆ ಅನ್ನೋದಕ್ಕೆ ಇದಕ್ಕಿಂತ ಚೆನ್ನಾದ ಉತ್ತರ ಬೇಕಿಲ್ಲ. ಆಮೇಲೆ ಎರಡನೇ ಭಾಗದಲ್ಲಿ ಅದಾದ ಮೇಲೆ ನೀವು ಏನು ಮಾಡಿದ್ರಿ ಅಂತ ಬೇಕು. ಬರೀ ನೋಡಿ ಮೆಚ್ಚಿದ್ರೆ ಸಾಲದು. ಅದಕ್ಕೆ ಸಿಎನ್‌ಎ (ನರ್ಸಿಂಗ್ ಅಸಿಸ್ಟೆಂಟ್) ಕೋರ್ಸ್ ಮಾಡಿ, ಫೆಡರಲ್ ನಿಯಮದ ಪ್ರಕಾರ ಕನಿಷ್ಠ 75 ಗಂಟೆ, ನಿಮ್ಮ ರಾಜ್ಯದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಇರಬಹುದು. ಇಎಡಿ ಇದೆಯಲ್ಲ, ವಾರಾಂತ್ಯದಲ್ಲಿ ನರ್ಸಿಂಗ್ ಹೋಮಲ್ಲಿ ಕೆಲಸ ಮಾಡಿ. ಮಲಗಿದವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸೋದು, ಡೈಪರ್ ಬದಲಿಸೋದು, ಊಟ ಮಾಡಿಸೋದು. ಅದನ್ನ ಮಾಡಿಯೂ ಮತ್ತೆ ಮಾರನೇ ವಾರ ಹೋಗೋಕೆ ಮನಸ್ಸಾದ್ರೆ ನಿಮಗೂ ಖಾತ್ರಿ, ಕಾಲೇಜಿಗೂ ಖಾತ್ರಿ. ರೆಕಮೆಂಡೇಶನ್ ಲೆಟರಿಗೂ ಅಲ್ಲಿನ ಚಾರ್ಜ್ ನರ್ಸನ್ನ ಕೇಳಬಹುದು, ಹಳೇ ಟೆಸ್ಟಿಂಗ್ ಮ್ಯಾನೇಜರ್ ಲೆಟರಿಗಿಂತ ಅದಕ್ಕೆ ತೂಕ ಜಾಸ್ತಿ. ಇನ್ನೊಂದು ಎ ಅಂಡ್ ಪಿ ಪ್ರೊಫೆಸರ್ ಹತ್ರ ತಗೊಳ್ಳಿ.

ಬಿಕಾಂ_ದಾವಣಗೆರೆ:
ಇದನ್ನ ಓದಿ ಕಣ್ಣು ತುಂಬಿ ಬಂತು ಅಕ್ಕ. ಕುಡ್ಲ ಸಿಸ್ಟರ್, ನಾನು ಜಿಎನ್‌ಎಂ ವಿಚಾರಿಸ್ತೀನಿ.

ಕೆಮಿಸ್ಟ್ರಿ_ಸೈಕಲ್:
ಟೀಸ್ ಅನ್ನೋ ಪ್ರವೇಶ ಪರೀಕ್ಷೆ ಬಗ್ಗೆ ಯಾರೂ ಹೇಳಿಲ್ಲ, ಅದನ್ನೂ ಹಾಕ್ತೀನಿ. ಕೆಲವು ಕಾಲೇಜು ಟೀಸ್ ಕೇಳ್ತವೆ, ಕೆಲವು ಹೆಸಿ ಎ2, ಕೆಲವು ಎರಡೂ ಕೇಳಲ್ಲ, ಹಾಗಾಗಿ ಮೊದಲು ಕಾಲೇಜು ಲಿಸ್ಟ್ ಮಾಡಿ ಆಮೇಲೆ ಫೀಸ್ ಕಟ್ಟಿ. ಟೀಸಲ್ಲಿ 170 ಪ್ರಶ್ನೆ, 209 ನಿಮಿಷ, ರೀಡಿಂಗ್, ಮ್ಯಾತ್ಸ್, ಸೈನ್ಸ್, ಇಂಗ್ಲಿಷ್. ನಮಗೆ ಮ್ಯಾತ್ಸ್ ಕಷ್ಟ ಅಲ್ಲ, ಆದ್ರೆ ಔನ್ಸ್, ಪೌಂಡ್, ಗ್ಯಾಲನ್ ಇಂದ ಮೆಟ್ರಿಕ್‌ಗೆ ಬದಲಾಯಿಸೋದು ಬಾಯಿಪಾಠ ಇರ್ಬೇಕು. ಸೈನ್ಸಲ್ಲಿ 50 ಪ್ರಶ್ನೆ, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಎ ಅಂಡ್ ಪಿ, ಅದಕ್ಕೆ ಎ ಅಂಡ್ ಪಿ 2 ನಡೀತಿರುವಾಗಲೇ ಬರೆದುಬಿಡಿ, ಎಲ್ಲ ತಲೇಲಿ ಹಸಿಯಾಗಿರುತ್ತೆ. ಟೋಫೆಲ್ ಬೇಕಾ ಅಂತಲೂ ಕೇಳಿ, ಇಂಗ್ಲಿಷ್ ಮೀಡಿಯಮ್ ಬಿಇ ಆಗಿದ್ರೂ ಭಾರತದ ಡಿಗ್ರಿ ಅಂತ ಕೆಲವರು ಕೇಳ್ತಾರೆ. ತುಂಬಾ ಕಾಲೇಜುಗಳು ನರ್ಸಿಂಗ್‌ಕ್ಯಾಸ್ ಅನ್ನೋ ಆನ್‌ಲೈನ್ ಅರ್ಜಿ ಸೈಟ್ ಮೂಲಕ ಅಪ್ಲಿಕೇಶನ್ ತಗೊಳ್ತವೆ, ಅದರಲ್ಲಿ ಪ್ರತಿ ಕೋರ್ಸ್ ಕೈಯಾರೆ ತುಂಬಿ ಟ್ರಾನ್ಸ್‌ಕ್ರಿಪ್ಟ್ ಕಳಿಸಿದ್ಮೇಲೆ ವೆರಿಫೈ ಆಗೋಕೆ ವಾರಗಟ್ಟಲೆ ಹಿಡಿಯುತ್ತೆ, ಡೆಡ್‌ಲೈನ್ ಅಂತ ಬರೆದಿರೋ ದಿನ ಸಬ್‌ಮಿಟ್ ಮಾಡಿದ್ರೆ ಕೆಲವು ಕಡೆ ಲೇಟ್ ಅಂತಲೇ ಲೆಕ್ಕ. ಸಬ್‌ಮಿಟ್ ದಿನಾನಾ, ವೆರಿಫೈ ಆದ ದಿನಾನಾ ಅಂತ ಕಾಲೇಜಿಗೆ ಕೇಳಿ.

ಚಿಕ್ಕಮಗಳೂರು_ಟು_ಜರ್ಸಿ:
ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಫೋನ್ ಮಾಡ್ತಿದ್ದ ಕಾಲೇಜಿನ ಪಾಸ್ ರೇಟ್ ಬೋರ್ಡ್ ಸೈಟಲ್ಲಿ ನೋಡಿದೆ, ಮೂರು ವರ್ಷದಿಂದ ಕೆಳಗೇ ಇದೆ, ಬೇಡ ಅಂದುಬಿಟ್ಟೆ. ಫಾಲ್‌ಗೆ ಕೌಂಟಿ ಕಾಲೇಜಲ್ಲಿ ಎ ಅಂಡ್ ಪಿ 1 ಮತ್ತೆ ಸ್ಟಾಟಿಸ್ಟಿಕ್ಸ್ ತಗೊಳ್ತೀನಿ, ಸ್ಪ್ರಿಂಗಲ್ಲಿ ಎ ಅಂಡ್ ಪಿ 2 ಮತ್ತೆ ಸೈಕಾಲಜಿ, ಬೇಸಿಗೆಯಲ್ಲಿ ಮೈಕ್ರೋ, ಕೆಮಿಸ್ಟ್ರಿ ಎಲ್ಲಿ ಸೇರಿಸೋದು ನೋಡ್ಬೇಕು. ಒಂದೇ ಡೌಟ್, ಎ ಅಂಡ್ ಪಿ ಪೂರ್ತಿ ಆನ್‌ಲೈನ್ ಸೆಕ್ಷನ್ ಇದೆ, ಮನೆಗೇ ಲ್ಯಾಬ್ ಕಿಟ್ ಕಳಿಸ್ತಾರಂತೆ. ಮಗಳಿರೋದ್ರಿಂದ ಅದು ಅನುಕೂಲ. ತಗೊಳ್ಲಾ?

ಕೆಮಿಸ್ಟ್ರಿ_ಸೈಕಲ್:
ಥಿಯರಿ ಆನ್‌ಲೈನ್ ಪರವಾಗಿಲ್ಲ, ಲ್ಯಾಬ್ ಮಾತ್ರ ಕಾಲೇಜಲ್ಲೇ ಇರೋದು ತಗೊಳ್ಳಿ. ಆನ್‌ಲೈನ್ ಲ್ಯಾಬ್ ಒಪ್ಪದ ಎಬಿಎಸ್‌ಎನ್ ಪ್ರೋಗ್ರಾಂ ಇವೆ, ನಿಮ್ಮ ಲಿಸ್ಟಲ್ಲಿ ಅಂಥ ಒಂದೇ ಕಾಲೇಜಿದ್ರೂ ಮತ್ತೆ ಮೊದಲಿಂದ ಮಾಡಬೇಕಾಗುತ್ತೆ. ಶನಿವಾರದ ಲ್ಯಾಬ್ ಸೆಕ್ಷನ್ ಇರುತ್ತೆ, ಅವತ್ತು ಯಜಮಾನ್ರು ಮನೇಲಿರ್ತಾರಲ್ಲ. ಆ ಸೆಕ್ಷನ್ ಎಲ್ಲಕ್ಕಿಂತ ಮೊದಲು ತುಂಬೋದು, ರಿಜಿಸ್ಟ್ರೇಶನ್ ಯಾವತ್ತು ಓಪನ್ ಆಗುತ್ತೆ ಅಂತ ಇವತ್ತೇ ನೋಡಿಡಿ.